ಬಾಯಲ್ಲಿ ಓಡಿದ ಯಂತ್ರ

ಕೊಟ್ಟವನು ಕೋಡಂಗಿ, ಇಸಕೊಂಡವನಿಗೆ ಇನ್‌ಸ್ಪೆಕ್ಷನ್.

ಗಾದೆ ಹೀಗಿರಲಿಲ್ಲವಲ್ಲ ಎಂದು ಹಿರಿಯರು ಹುಬ್ಬು ಗಂಟಿಕ್ಕಬಹುದು. ಹಳೆಯ ಗಾದೆಯಲ್ಲಿ ಇಸಕೊಂಡವನು ಈರಭದ್ರನಾಗಿ ಎದೆಯುಬ್ಬಿಸಿಕೊಂಡು ನಡೆದುಬಿಡುತ್ತಿದ್ದ, ನಿಜ. ಆದರೆ ಆ ಕಾಲದಲ್ಲಿ ಕೊಡುತ್ತಿದ್ದವರು ನೆಂಟರಿಷ್ಟರು, ಸಹಾಯಧನ ಹಂಚುವ ಇಲಾಖೆಯಲ್ಲ. ನೆಂಟ ಮರೆಯುತ್ತಾನೆ, ಫೈಲು ಮರೆಯುವುದಿಲ್ಲ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅನ್ನುತ್ತಾರೆ. ಇಲ್ಲಿ ಗಾದೆಯ ಕೈಕಾಲು ಮುರಿದಿದೆ, ಕಥೆ ಮಾತ್ರ ಅಪ್ಪಟ ನಿಜ.

ಭಾವನ ಮರಗೆಲಸದ ಶೆಡ್ಡಿನಲ್ಲಿ ಕೆಲಸಕ್ಕಿದ್ದ ಬಾಮೈದನನ್ನು ಎಲ್ಲರೂ ಟೇಪು ಎಂದು ಕರೆಯುತ್ತಿದ್ದರು. ಬಡಗಿಗಳ ನಡುವೆ ಟೇಪು ಎಂದರೆ ಉದ್ದ ಅಳೆಯುವ ಪಟ್ಟಿ ಎಂದು ಹೊಸಬರು ತಿಳಿಯುತ್ತಿದ್ದರು. ಇವನು ಆ ಟೇಪಲ್ಲ, ರೆಕಾರ್ಡರಿನ ಟೇಪು. ಒಂದು ದನಿ ಒಮ್ಮೆ ಕಿವಿಗೆ ಬಿತ್ತೆಂದರೆ ಗಂಟಲಿಗೆ ಅಂಟಿಕೊಂಡಂತೆಯೇ. ಅಕ್ಕನ ಗದರಿಕೆ, ಎದುರಿನ ಮರದ ಡಿಪೋ ಯಜಮಾನನ ಸೀನು, ಏರು ಹತ್ತುವ ಬಸ್ಸಿನ ನರಳಾಟ, ಯಾವುದು ಬೇಕೋ ಕೇಳಿ, ಅಸಲಿಗಿಂತ ಒಂದು ಗುಲಗಂಜಿ ಹೆಚ್ಚೇ ಅಸಲಿಯಾಗಿ ಹೊರಬರುತ್ತಿತ್ತು. ಕೆಲಸದಲ್ಲಿ ಕೈ ಚುರುಕು, ಬಾಯಿ ಇನ್ನೂ ಚುರುಕು. ಬಾಯಿಗೆ ಬೀಗವಿಲ್ಲದ ಮನೆಗೆ ಕಳ್ಳ ಬರಬೇಕಾಗಿಲ್ಲ, ಮನೆಯವನೇ ಸಾಕು ಎಂದು ಅಕ್ಕ ಆಗಾಗ ಹೇಳುತ್ತಿದ್ದಳು.

ಆ ಶೆಡ್ಡಿನ ಮೂಲೆಯಲ್ಲಿ ಬೀರುವಿನಷ್ಟು ಎತ್ತರದ ಒಂದು ಕಬ್ಬಿಣದ ಪೆಟ್ಟಿಗೆ ನಿಂತಿತ್ತು. ಮೈಗೆ ನೀಲಿ ಬಣ್ಣ, ತಲೆಯಿಂದ ನಾಲ್ಕು ದಪ್ಪ ಕೊಳವೆ. ಮರದ ಧೂಳು ಹೀರುವ ಯಂತ್ರ. ಮರಗೆಲಸದವರ ಎದೆಯೊಳಗೆ ಧೂಳು ಸೇರಬಾರದೆಂದು ಸರಕಾರ ಯೋಜನೆಯೊಂದನ್ನು ತಂದು, ಮುಕ್ಕಾಲು ಪಾಲು ದುಡ್ಡನ್ನು ತಾನೇ ಕೊಟ್ಟು ನಾಲ್ಕು ವರ್ಷದ ಹಿಂದೆ ಕೊಡಿಸಿದ್ದು. ಧೂಳು ಹೀರೋ ಯಂತ್ರವಾದ್ದರಿಂದ ಟೇಪು ಅದಕ್ಕೆ ‘ಹೀರೋ’ ಎಂದೇ ಹೆಸರಿಟ್ಟಿದ್ದ. ನೋಡಲಿಕ್ಕೆ ಹೀರೋನೇ. ಒಳಗೆ ಮಾತ್ರ ಏನೂ ಇರಲಿಲ್ಲ. ಮಾರಿದವನು ಪೂರ್ತಿ ಯಂತ್ರಕ್ಕೆ ರಸೀದಿ ಬರೆದು, ಹೊರಗಿನ ಪೆಟ್ಟಿಗೆಯನ್ನಷ್ಟೇ ಇಳಿಸಿ, ಮೋಟಾರಿನ ದುಡ್ಡನ್ನು ಭಾವನ ಕೈಯಲ್ಲಿಟ್ಟು, “ಎಲ್ಲಾ ಕಡೆ ಹೀಗೇ ಸ್ವಾಮಿ” ಎಂದು ಹೋಗಿದ್ದ. ಶೆಡ್ಡಿನ ತಗಡಿನ ಮಾಡು ಸೋರಿ ಜರಡಿಯಾಗಿತ್ತು. ಮೋಟಾರು ಮಾಡಾಯಿತು.

ಯಂತ್ರದ ಜೊತೆಗೆ ಒಂದು ಹಸಿರು ಹಲಗೆಯೂ ಬಂದಿತ್ತು, ಗೋಡೆಗೆ ಹೊಡೆಯಲೇಬೇಕಾದದ್ದು. ಇದು ಸಾರ್ವಜನಿಕರ ಹಣದಿಂದ ಕೊಂಡ ಯಂತ್ರ, ಐದು ವರ್ಷ ಇದೇ ಜಾಗದಲ್ಲಿ ಓಡುತ್ತಿರಬೇಕು, ವರ್ಷಕ್ಕೊಮ್ಮೆ ಮಾಲೀಕನೂ ಯಂತ್ರ ನಡೆಸುವವನೂ ಓಡುತ್ತಿದೆಯೆಂದು ಸಹಿ ಮಾಡಿ ಕಳಿಸಬೇಕು. ಕೊನೆಯ ಸಾಲು ಇರುವೆಯಷ್ಟು ಸಣ್ಣ ಅಕ್ಷರದಲ್ಲಿತ್ತು: ಸುಳ್ಳು ಸಹಿ ಮಾಡಿದವರಿಗೆ ಎರಡು ವರ್ಷದವರೆಗೆ ಸೆರೆ.

ಯಂತ್ರ ನಡೆಸುವವನು ಎಂಬ ಜಾಗದಲ್ಲಿ ಟೇಪು ಮೂರು ವರ್ಷ ಮೂರು ಸಹಿ ಹಾಕಿದ್ದ. ಮೂರನೆಯದನ್ನು ಕಣ್ಣು ಮುಚ್ಚಿಕೊಂಡು, ಎಡಗೈಯಲ್ಲಿ ಹಾಕಿ ತೋರಿಸಿದ್ದ, ನಗಿಸಲಿಕ್ಕೆಂದು.

ಮೊದಲೆರಡು ವರ್ಷ ಬರೀ ಕಾಗದ ಹೋಗಿ ಬಂದವು. ಮೂರನೆಯ ವರ್ಷ ಇನ್‌ಸ್ಪೆಕ್ಟರೇ ಬಂದರು. ತೆಳ್ಳನೆಯ ಮನುಷ್ಯ, ಇಸ್ತ್ರಿ ಮಡಿಕೆ ಕೆಡದ ಅಂಗಿ, ದನಿ ಎತ್ತುವುದೇ ಇಲ್ಲ. ಕೆಟ್ಟ ಸುದ್ದಿ ಹೇಳಲು ಬಂದ ಡಾಕ್ಟರರ ಹಾಗೆ ಪ್ರತಿ ಮಾತಿಗೂ “ಬೇಜಾರು ಮಾಡ್ಕೋಬೇಡಿ” ಎಂದು ಮುನ್ನುಡಿ.

“ಬೇಜಾರು ಮಾಡ್ಕೋಬೇಡಿ, ಸ್ವಲ್ಪ ಓಡಿಸಿ ತೋರಿಸ್ತೀರಾ?”

ಭಾವನ ಮುಖ ಸುಣ್ಣವಾಯಿತು. ಆದರೆ ಬಾಗಿಲಲ್ಲಿ ಇಲಾಖೆಯ ಜೀಪು ನಿಂತದ್ದನ್ನು ನೋಡಿದ ಕೂಡಲೇ ಟೇಪು ಪೆಟ್ಟಿಗೆಯ ಹಿಂದಿನ ಬಾಗಿಲಿಂದ ಒಳಗೆ ನುಗ್ಗಿ ಕುಕ್ಕರಗಾಲಲ್ಲಿ ಕೂತಾಗಿತ್ತು. ಭಾವ ಸುಮ್ಮನೆ ಒಂದು ಗುಂಡಿ ಒತ್ತಿದ. ಒಳಗಿನಿಂದ ಮೊದಲು ಒಂದು ಕೆಮ್ಮು, ಆಮೇಲೆ ಗುರುಗುರು, ಆಮೇಲೆ ಕಬ್ಬಿಣ ಅದುರುವ ಹಾಗೆ ಭರ್ರೆಂಬ ಸದ್ದು. ಹತ್ತೊಂಬತ್ತು ನಿಮಿಷ. ಇನ್‌ಸ್ಪೆಕ್ಟರು ಅಷ್ಟೂ ಹೊತ್ತು ಪೆಟ್ಟಿಗೆಯ ಪಕ್ಕದಲ್ಲೇ ತಲೆ ಓರೆಮಾಡಿಕೊಂಡು, ಹಾಡು ಕೇಳುವವರ ಹಾಗೆ ನಿಂತಿದ್ದರು.

“ಬೇಜಾರು ಮಾಡ್ಕೋಬೇಡಿ,” ಎಂದರು ಕೊನೆಗೆ. “ಇದು ಮಧ್ಯೆ ಮಧ್ಯೆ ಉಸಿರು ತಗೊಳ್ಳುತ್ತಾ?”

“ಕರೆಂಟು ಸಾರ್,” ಎಂದ ಭಾವ. “ಇಲ್ಲಿ ವೋಲ್ಟೇಜು ಏರುತ್ತೆ, ಇಳಿಯುತ್ತೆ.”

ಅವರು ಪುಸ್ತಕದಲ್ಲಿ ಏನೋ ಒಂದು ಸಾಲು ಬರೆದುಕೊಂಡು ಹೋದರು. ಅಷ್ಟೇ. ಆಮೇಲೆ ಒಂದು ವರ್ಷ ಕಾಗದವಿಲ್ಲ, ಫೋನಿಲ್ಲ, ಬಂದವರಿಲ್ಲ. ಗೆದ್ದೆವೆಂದು ಟೇಪು ಆ ಕಥೆಯನ್ನು ಪ್ರತಿ ಮಧ್ಯಾಹ್ನ ಊಟದ ಜೊತೆ ಉಪ್ಪಿನಕಾಯಿಯಂತೆ ಬಡಿಸುತ್ತಿದ್ದ. ಪಾಲಿಶ್ ಮಾಡುವ ತಾತ ನಕ್ಕು ನಕ್ಕು ಕೆಮ್ಮುತ್ತಿದ್ದ, ಕೆಮ್ಮಿ ಕೆಮ್ಮಿ ಎದೆ ಹಿಡಿದುಕೊಳ್ಳುತ್ತಿದ್ದ. “ನಿನ್ನ ಹೀರೋ ಬರೀ ಹಾಡ್ತಾನೆ ಕಣಯ್ಯಾ,” ಎನ್ನುತ್ತಿದ್ದ. “ಧೂಳು ಹೀರೋ ಕೆಲಸ ನಂದೇ.” ಭಾವ ಮಾತ್ರ ಆ ಒಂದು ವರ್ಷದಲ್ಲಿ ಒಮ್ಮೆಯೂ ಆ ಕಥೆಗೆ ನಕ್ಕಿರಲಿಲ್ಲ. ಜೀಪಿನ ಸದ್ದಾದರೆ ಅವನ ಉಳಿ ನಿಲ್ಲುತ್ತಿತ್ತು. ಸುದ್ದಿಯಿಲ್ಲದಿರುವುದೇ ಒಳ್ಳೆಯ ಸುದ್ದಿ ಎಂದು ಅಕ್ಕ ಸಮಾಧಾನ ಹೇಳಿದರೆ, “ಬೆಕ್ಕು ಕೂಗ್ತಾ ಬರಲ್ಲ ಕಣೇ” ಎನ್ನುತ್ತಿದ್ದ.

ನಗದವನನ್ನು ನಗಿಸದೆ ಟೇಪುವಿಗೆ ಅನ್ನ ಇಳಿಯುವುದಿಲ್ಲ.

ಹೀಗಾಗಿ ಒಂದು ಬುಧವಾರ ಸಂಜೆ ನಾಲ್ಕರ ಹೊತ್ತಿಗೆ ಅವನು ಎದುರಿನ ಡಿಪೋಗೆ ಹೋಗಿ, ಯಜಮಾನನಿಗೆ ಕಣ್ಣು ಹೊಡೆದು, ಅಲ್ಲಿಂದ ಶೆಡ್ಡಿಗೆ ಫೋನು ತಿರುಗಿಸಿದ. ಕಿಟಕಿಯಿಂದ ನೋಡಿದರೆ ರಸ್ತೆಯಾಚೆ ಭಾವ ಫೋನೆತ್ತುವುದು ಸ್ಪಷ್ಟವಾಗಿ ಕಾಣುತ್ತಿತ್ತು.

“ಬೇಜಾರು ಮಾಡ್ಕೋಬೇಡಿ,” ಎಂದ ಟೇಪು, ಗಂಟಲನ್ನು ಇಸ್ತ್ರಿ ಮಾಡಿಕೊಂಡು. “ನಾಳೆ ಹನ್ನೊಂದಕ್ಕೆ ಬರೋಣ ಅಂತ. ಈ ಸಲ ಮುಚ್ಚಳ ಬಿಚ್ಚಿ ಒಳಗಡೆ ನೋಡಬೇಕಾಗುತ್ತೆ.”

ಡಿಪೋ ಯಜಮಾನ ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಈಗ ಭಾವ ಕಾಲು ಸುಟ್ಟ ಬೆಕ್ಕಾಗುತ್ತಾನೆ, “ಎಲ್ಲೋ ಟೇಪು” ಎಂದು ಕೂಗುತ್ತಾನೆ, ಪೆಟ್ಟಿಗೆಯೊಳಗೆ ತುರುಕಲು ಫ್ಯಾನು ಹುಡುಕುತ್ತಾನೆ ಎಂದು ಇಬ್ಬರೂ ಕಿಟಕಿಗೆ ಮೂಗು ಒತ್ತಿ ಕಾದರು. ಭಾವ ಹಾಗೇನೂ ಮಾಡಲಿಲ್ಲ. ಫೋನಿಟ್ಟ. ಕೀಸುತ್ತಿದ್ದ ಹಲಗೆಗೆ ಮರಳಿದ. ಅದರ ಅಂಚನ್ನು ಈ ತುದಿಯಿಂದ ಆ ತುದಿಯವರೆಗೆ, ಒಂದೂ ಎಳೆ ತುಂಡಾಗದ ಹಾಗೆ ಕೀಸಿ ಮುಗಿಸಿದ. ಆಮೇಲೆ ಪೊರಕೆ ತೆಗೆದುಕೊಂಡು ತನ್ನ ಕಾಲ ಬುಡದ ಹೊಟ್ಟನ್ನೆಲ್ಲ ತಾನೇ ಗುಡಿಸಿದ. ಇಪ್ಪತ್ತು ವರ್ಷದಲ್ಲಿ ಅವನು ಪೊರಕೆ ಹಿಡಿದದ್ದನ್ನು ಯಾರೂ ನೋಡಿರಲಿಲ್ಲ.

“ಏನೋ ಇದು, ನಿಮ್ಮ ಭಾವ ಕಲ್ಲಾ?” ಎಂದ ಡಿಪೋ ಯಜಮಾನ.

“ಕಲ್ಲು ಬಿಸಿಯಾಗೋಕೆ ಹೊತ್ತು ಬೇಕು,” ಎಂದ ಟೇಪು. ಕಣ್ಣನ್ನು ಮಾತ್ರ ಆ ಪೊರಕೆಯಿಂದ ಕೀಳಲಿಲ್ಲ.

ಶೆಡ್ಡಿಗೆ ಮರಳಿದರೆ ಭಾವ ಫೋನಿನ ವಿಷಯವನ್ನೇ ಎತ್ತಲಿಲ್ಲ. ಬಾಗಿಲು ಹಾಕುವ ಹೊತ್ತಿಗೆ ಒಂದೇ ಪ್ರಶ್ನೆ ಕೇಳಿದ.

“ಆ ಕಾಗದಕ್ಕೆ ನೀನು ಎಷ್ಟು ಸಲ ಸಹಿ ಹಾಕಿದ್ದೀಯೋ?”

“ಮೂರು.”

“ಓದಿ ಹಾಕಿದ್ಯಾ?”

“ಓದೋ ಹಾಗಿದ್ರೆ ಹಾಕ್ತಿದ್ನಾ ಭಾವ?”

ಭಾವ ಅವನ ಹೆಗಲ ಮೇಲೆ ಕೈಯಿಟ್ಟ. ಕೈ ಭಾರವಾಗಿತ್ತು, ತೆಗೆಯಲಿಕ್ಕೆ ಸ್ವಲ್ಪ ಹೊತ್ತೂ ಆಯಿತು. ಆಗಲೇ ಹೇಳಿಬಿಡೋಣವೆಂದು ಮಾತು ಟೇಪುವಿನ ತುಟಿಯವರೆಗೆ ಬಂತು. ಆದರೆ ಅರ್ಧ ಬೆಂದ ಅನ್ನವನ್ನೂ ಅರ್ಧ ಬೆಂದ ತಮಾಷೆಯನ್ನೂ ಒಲೆಯಿಂದ ಇಳಿಸಬಾರದು. ನಾಳೆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಆ ದನಿಯಲ್ಲೇ ಬಯಲು ಮಾಡಬೇಕು. ಮಾತನ್ನು ನುಂಗಿಕೊಂಡು ಮನೆಗೆ ಹೋದ.

ಮರುದಿನ ಬೆಳಿಗ್ಗೆ ಶೆಡ್ಡಿಗೆ ಬಂದಾಗ ಬೀಗ ತೆಗೆದಿದ್ದವಳು ಅಕ್ಕ. ಒಂದು ಕೈಯಲ್ಲಿ ವಾರ್ನಿಷ್ ಡಬ್ಬಿ, ಮುಖ ಊದಿತ್ತು.

“ಭಾವ ಎಲ್ಲಿ?”

“ಏಳಕ್ಕೇ ಎದ್ದು ಹೋದರು. ಮದುವೆಗೆ ಹೊಲಿಸಿದ ಅಂಗಿ ಹಾಕ್ಕೊಂಡು. ಆ ಫೈಲು ತಗೊಂಡು.”

“ಯಾವ ಫೈಲು?”

“ಎಷ್ಟು ಫೈಲಿದೆ ನಮ್ಮನೇಲಿ? ಸಬ್ಸಿಡಿ ಫೈಲು. ಇಲಾಖೆಗೆ ಹೋಗ್ಬರ್ತೀನಿ ಅಂದರು. ರಾತ್ರಿಯೆಲ್ಲ ಗೋಡೆ ನೋಡ್ತಾ ಕೂತಿದ್ದರು ಕಣೋ. ಏನಾಗಿದೆ ಅಂತ ನಿನಗೇನಾದ್ರೂ ಗೊತ್ತಾ?”

“ನನಗೇನು ಗೊತ್ತು,” ಎಂದ ಟೇಪು. ಅವನದೇ ದನಿಯಾದರೂ ಯಾರದ್ದನ್ನೋ ಅನುಕರಿಸಿದ ಹಾಗೆ ಕೇಳಿಸಿತು.

ಇಲಾಖೆಯ ಕಚೇರಿ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಭಾವ ಅಲ್ಲಿಗೆ ಹೋಗಿ ಏನು ಹೇಳುತ್ತಾನೆ? ಇವತ್ತು ಬರಬೇಡಿ, ಇನ್ನೊಂದು ದಿನ ಬನ್ನಿ ಅನ್ನುತ್ತಾನೆಯೇ? ಬರುತ್ತೇನೆಂದು ಯಾರು ಹೇಳಿದರು ಎಂದು ಅವರು ಕೇಳಿದರೆ? ಟೇಪು ಗರಗಸ ಎತ್ತಿಕೊಂಡ, ಇಳಿಸಿದ. ಹತ್ತೂವರೆಯವರೆಗೆ ಒಂದು ಕುರ್ಚಿಗೆ ಮೂರೇ ಕಾಲು ಕೂಡಿಸಿದ. ನಾಲ್ಕನೆಯದನ್ನು ಕೈಯಲ್ಲಿ ಹಿಡಿದುಕೊಂಡೇ ರಸ್ತೆ ದಾಟಿ ಡಿಪೋಗೆ ಹೋದ. ಹತ್ತು ನಲವತ್ತಕ್ಕೆ ಇಲಾಖೆಯ ನಂಬರು ತಿರುಗಿಸಿದ. ತನ್ನ ಸ್ವಂತ ದನಿಯಲ್ಲಿ, ಸತ್ಯ ಹೇಳಿ, ಭಾವನನ್ನು ವಾಪಸು ಕಳಿಸಿ ಎನ್ನುವುದೆಂದು.

ಅತ್ತ ಫೋನೆತ್ತಿದ್ದು ಇನ್‌ಸ್ಪೆಕ್ಟರೇ.

“ಹೇಳಿ.”

ಟೇಪು ಬಾಯಿ ತೆರೆದ. ವರ್ಷಪೂರ್ತಿ ತಾನು ಆಡಿದ ದನಿ ಈಗ ಹೊರಗಿನಿಂದ ಬಂದು ಕಿವಿಗೆ ಬಿದ್ದಾಗ, ಕನ್ನಡಿಯೊಳಗಿನವನು ತಾನಾಗಿ ಕೈ ಎತ್ತಿದ ಹಾಗೆ ಮೈ ಜುಮ್ಮೆಂದಿತು. ತೆರೆದ ಬಾಯಿಂದ ಉಸಿರು ಮಾತ್ರ ಹೋಗುತ್ತಿತ್ತು, ಬರುತ್ತಿತ್ತು.

ಆ ಕಡೆ ಫೋನಿನ ಬಾಯಿಯನ್ನು ಯಾರೋ ಅಂಗೈಯಿಂದ ಮುಚ್ಚಿದ ಹಾಗಾಯಿತು. ಮತ್ತೆ ಅದೇ ಮೆಲುದನಿ:

“ಬೇಜಾರು ಮಾಡ್ಕೋಬೇಡಿ. ಹೆಸರು ಹೇಳದಿದ್ರೂ ಪರವಾಗಿಲ್ಲ. ಹನ್ನೆರಡು ಗಂಟೆವರೆಗೂ ನಾನು ಇಲ್ಲೇ ಇರ್ತೀನಿ.”

ಟೇಪು ಫೋನು ಕುಕ್ಕಿದ.

ಹನ್ನೆರಡರವರೆಗೆ ಇರುತ್ತಾರಂತೆ. ಆಮೇಲೆ? ಹನ್ನೆರಡಕ್ಕೆ ಜೀಪು ಹೊರಡುತ್ತದೆ, ಇನ್ನೇನು. ಹಿಡಿಯಲು ಬರುವವನು ಹೊತ್ತು ಹೇಳಿಯೇ ಬರುತ್ತಾನೆ, ಅದೂ ಬೇಜಾರು ಮಾಡಿಕೊಳ್ಳಬೇಡಿ ಎಂದು ಹೇಳಿ. ಅವನು ಶೆಡ್ಡಿಗೆ ಓಡಿಬಂದು ನೀಲಿ ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತ. ಐದು ನಿಮಿಷವೂ ಆಗಿರಲಿಲ್ಲ, ಶೆಡ್ಡಿನ ಫೋನು ಬಡಿದುಕೊಂಡಿತು.

ಅಕ್ಕ ಕೈ ಚಾಚಿದಳು. “ಎತ್ತಬೇಡ,” ಎಂದ ಟೇಪು. “ರಾಂಗ್ ನಂಬರು. ಬೆಳಿಗ್ಗೆಯಿಂದ ಒಂದೇ ಕಾಟ.”

“ಬೆಳಿಗ್ಗೆಯಿಂದ ನಾನಿಲ್ಲೇ ಇದ್ದೀನಲ್ಲೋ.”

“ಅಕ್ಕಾ, ಎತ್ತಬೇಡ ಅಂದೆನಲ್ಲ.”

ಫೋನು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು. ಮತ್ತೆ ಶುರುವಾಯಿತು. ಮೂರನೆಯ ಸಲ ತಾತ ಪಾಲಿಶ್ ಬಟ್ಟೆ ಕೆಳಗಿಟ್ಟು, “ಅಷ್ಟು ಕರೀತಿದ್ರೆ ಏನೋ ಅವಸರ ಇರಬೇಕು ಮಗಾ” ಎಂದ. ಐದನೆಯ ಸಲಕ್ಕೆ ಟೇಪು ಗೋಡೆಯಿಂದ ವೈರನ್ನೇ ಕಿತ್ತ. ಕಿಟಕಿಯಿಂದ ಬಿದ್ದ ಬಿಸಿಲಿನ ಪಟ್ಟಿಯಲ್ಲಿ ಮರದ ಧೂಳು ತೇಲುತ್ತ, ಇಳಿಯಲು ಮನಸ್ಸಿಲ್ಲದ ಹಾಗೆ ಅಲ್ಲೇ ಸುತ್ತುತ್ತಿತ್ತು. ಅಕ್ಕ ತಮ್ಮನ ಕೈಯಲ್ಲಿದ್ದ ವೈರನ್ನೂ ಮುಖವನ್ನೂ ನೋಡಿದಳು, ಏನೂ ಕೇಳಲಿಲ್ಲ. ಕೇಳದಿರುವುದು ಅವಳ ಸ್ವಭಾವವಲ್ಲ.

ಹನ್ನೆರಡಾಯಿತು. ಜೀಪು ಬರಲಿಲ್ಲ. ಹನ್ನೆರಡೂವರೆ. ಬರಲಿಲ್ಲ. ಟೇಪುವಿನ ಎದೆಯ ಮೇಲಿನ ಕಲ್ಲು ಒಂದು ಬೆರಳಷ್ಟು ಸರಿಯಿತು. ಒಂದೂಕಾಲರ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಭಾವ. ಒಬ್ಬನೇ. ಕೈಯಲ್ಲಿ ಫೈಲು ಇರಲಿಲ್ಲ.

ಅವನು ಕೈ ತೊಳೆದು, ಎಂದಿನ ಜಾಗದಲ್ಲಿ ಗೋಡೆಗೊರಗಿ ಕೂತ. ಅಕ್ಕ ಬುತ್ತಿ ಬಿಚ್ಚಿದಳು. ತಾತ ಬಂದು ಕೂತ. ಹೋದ ಕೆಲಸವೇನಾಯಿತೆಂದು ಕೇಳುವ ಧೈರ್ಯ ಅಕ್ಕನಿಗೂ ಬರಲಿಲ್ಲ.

ಈ ಮೌನವನ್ನು ಒಡೆಯಲು ಟೇಪುವಿಗೆ ಗೊತ್ತಿದ್ದದ್ದು ಒಂದೇ ಸುತ್ತಿಗೆ. ಅವನು ಮೆಲ್ಲನೆ ನೀಲಿ ಪೆಟ್ಟಿಗೆಯ ಹಿಂದೆ ಹೋದ.

“ಬೇಜಾರು ಮಾಡ್ಕೋಬೇಡಿ,” ಎಂದಿತು ಪೆಟ್ಟಿಗೆ. “ಹನ್ನೊಂದಕ್ಕೆ ಬರ್ತೀನಿ ಅಂದಿದ್ದೆ. ದಾರೀಲಿ ಟೈರು ಪಂಚರಾಯ್ತು.”

ತಾತನ ಬಾಯಲ್ಲಿದ್ದ ತುತ್ತು ಹೊರಗೆ ಹಾರಿತು. “ಅಯ್ಯೋ ಇವನ,” ಎಂದು ನಗತೊಡಗಿದ. ಅಕ್ಕನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು, ಅರ್ಥವಾದದ್ದೇ ಸೌಟು ಎತ್ತಿಕೊಂಡು, “ನಿನ್ನ ಬಾಯಿಗೆ ಮಣ್ಣು ಹಾಕ, ರಾತ್ರಿಯೆಲ್ಲ ಅವರು ನಿದ್ದೆ ಮಾಡಿಲ್ಲ ಕಣೋ” ಎಂದು ಬೈಯುತ್ತಲೇ ನಕ್ಕಳು, ಪಾರಾದವರು ನಗುವ ಹಾಗೆ. ಎಲ್ಲರಿಗಿಂತ ಜೋರಾಗಿ ನಕ್ಕವನು ಭಾವ. ತೊಡೆ ಬಡಿದುಕೊಂಡು, ತಲೆ ಗೋಡೆಗೆ ಆನಿಸಿ, ಗಹಗಹಿಸಿ ನಕ್ಕ. ವರ್ಷದಿಂದ ನಗದ ಭಾವ ನಕ್ಕಿದ್ದು ಕಂಡು ಟೇಪು ಪೆಟ್ಟಿಗೆಯ ಹಿಂದಿನಿಂದ ಬಾಗಿ ನಮಸ್ಕಾರ ಮಾಡುತ್ತ ಹೊರಬಂದ.

“ಗೊತ್ತಿತ್ತು ಕಣೋ,” ಎಂದ ಭಾವ ಕಣ್ಣೊರೆಸಿಕೊಳ್ಳುತ್ತ. “ಹತ್ತು ಗಂಟೆಗೇ ಗೊತ್ತಾಯ್ತು.”

“ಹೇಗೆ?”

“ಹೋಗಿ ಕಾಲಿಗೆ ಬಿದ್ದೆ. ಮುಚ್ಚಳ ಬಿಚ್ಚಬೇಡಿ ಸ್ವಾಮಿ, ಒಳಗೇನೂ ಇಲ್ಲ ಅಂತ ಮೊದಲಿಂದ ಕೊನೆವರೆಗೂ ಒಪ್ಪಿಕೊಂಡೆ. ಅವರು ನನ್ನನ್ನ ಎಬ್ಬಿಸಿ ಕೂರಿಸಿ, ಬೇಜಾರು ಮಾಡ್ಕೋಬೇಡಿ, ನಾನು ಫೋನೇ ಮಾಡಿಲ್ವಲ್ಲ ಅಂದರು.” ಭಾವ ಮತ್ತೆ ನಕ್ಕ. “ನಮ್ಮ ಕರೆಂಟು ಬಿಲ್ಲೆಲ್ಲ ತರಿಸಿ ಇಟ್ಕೊಂಡಿದ್ದರು. ಮೂರು ವರ್ಷ ಯಂತ್ರ ಓಡಿದೆ, ಬಿಲ್ಲು ಒಂದು ಕಾಸೂ ಏರಿಲ್ಲ. ಕಾಗದ ಟೈಪಾಗಿ ಮೇಜಿನ ಮೇಲಿತ್ತು ಕಣೋ. ಇವತ್ತು ಹನ್ನೆರಡರ ಟಪಾಲಿಗೆ ಹೋಗಬೇಕಿತ್ತು.”

ಅಕ್ಕನ ನಗು ನಿಂತಿತು. “ಏನಂತ ಕಾಗದ?”

“ಶೆಡ್ಡಿಗೆ ಬೀಗ. ಸಹಿ ಹಾಕಿದ ಒಬ್ಬೊಬ್ಬರ ಮೇಲೂ ಕೇಸು.” ಅವನು ಒಂದು ಲೋಟ ನೀರು ಗಟಗಟ ಕುಡಿದ. “ಆದರೆ ಒಂದು ನಿಯಮ ಇದೆಯಂತೆ. ಕಾಗದ ಹೊರಡೋಕೆ ಮುಂಚೆ ಯಾರು ತಾನಾಗಿ ಬಂದು ಒಪ್ಕೋತಾರೋ ಅವರಿಗೆ ಜೈಲಿಲ್ಲ, ಬೀಗ ಇಲ್ಲ. ದುಡ್ಡು ಕಂತಿನಲ್ಲಿ ವಾಪಸು ಕಟ್ಟಿದರೆ ಆಯ್ತು. ನೀವು ಬಂದಿದ್ದೀರಲ್ಲ, ನಿಮ್ಮದು ಮುಗೀತು ಅಂತ ನನ್ನ ಕಾಗದ ನನ್ನೆದುರಿಗೇ ಹರಿದರು.”

“ಅಂದ್ರೆ ನನ್ನ ಫೋನಿಂದ ನೀವು ಉಳಿದ್ರಿ,” ಎಂದ ಟೇಪು. ಬೆನ್ನು ನೆಟ್ಟಗಾಯಿತು. “ಇನ್ನೇನು ಭಾವ, ಸಿಹಿ ಹಂಚಿ. ಫೋನು ಮಾಡಿದ್ದಕ್ಕೆ ನನ್ನ ಮೇಲೆ ಏನೂ ಇಲ್ವಾ?”

“ಅದನ್ನ ಬರೆಯಲ್ಲ ಅಂದರು. ಒಳ್ಳೆ ಮನುಷ್ಯ.”

“ನನ್ನ ಸಹಿ?”

ಭಾವನ ಹೊಟ್ಟೆ ಕುಲುಕಿತು. ನಗುವೋ ಬಿಕ್ಕಳಿಕೆಯೋ ತಿಳಿಯಲಿಲ್ಲ. “ಅದನ್ನೇ ಕೇಳಿದೆ. ರಿಯಾಯಿತಿ ಬಂದವರಿಗೆ ಮಾತ್ರ, ಒಬ್ಬರ ಪರವಾಗಿ ಇನ್ನೊಬ್ಬರು ಬರೋ ಹಾಗಿಲ್ಲ ಅಂದರು. ಮಗನ ಹಾಗೆ ಸಾಕಿದ್ದೀನಿ ಸ್ವಾಮಿ, ಕರೆಸ್ತೀನಿ ಅಂದೆ. ಆಗಲೇ ಮೇಜಿನ ಮೇಲಿನ ಫೋನು ಹೊಡೀತು.”

ತಾತ ಈಗ ಕೆಮ್ಮುತ್ತಲೂ ಇರಲಿಲ್ಲ.

“ಆ ಕಡೆ ಮಾತಿಲ್ಲ. ಅವರು ಕೈ ಅಡ್ಡ ಹಿಡಿದು ನನಗೆ ಹೇಳಿದರು, ನಿಮ್ಮ ಹುಡುಗನೇ, ಈ ಉಸಿರು ನನಗೆ ಗೊತ್ತು, ಹತ್ತೊಂಬತ್ತು ನಿಮಿಷ ಕೇಳಿದ್ದೀನಿ ಅಂತ. ಆಮೇಲೆ ನಿನಗೆ ಹೇಳಿದರು, ಹನ್ನೆರಡರವರೆಗೂ ಇರ್ತೀನಿ ಅಂತ. ಅದಕ್ಕಿಂತ ಬಿಡಿಸಿ ಹೇಳೋ ಅಧಿಕಾರ ಅವರಿಗಿಲ್ವಂತೆ, ಕರೆದು ಒಪ್ಪಿಸಿದ ಹಾಗಾಗುತ್ತಂತೆ. ನೀನು ಹನ್ನೊಂದರ ಬಸ್ಸು ಹತ್ತಿದ್ದರೆ ಹನ್ನೆರಡಕ್ಕೆ ಬಂದುಬಿಡ್ತಿದ್ದೆ. ನಾನು ಶೆಡ್ಡಿಗೆ ಫೋನು ಮಾಡಿದೆ. ಐದು ಸಲ ಮಾಡಿದೆ ಕಣೋ. ಆಮೇಲೆ ಲೈನೇ ಸಿಗಲಿಲ್ಲ. ಹೊರಗಿನ ಬೆಂಚಲ್ಲಿ ಕೂತು ಬಾಗಿಲು ನೋಡ್ತಿದ್ದೆ, ಇವನು ಬರ್ತಾನೆ, ಬರ್ತಾನೆ ಅಂತ. ಹನ್ನೆರಡು ಹೊಡೆದ ಮೇಲೂ ಅವರು ಎರಡು ನಿಮಿಷ ಕಾದರು. ಆಮೇಲೆ ಮುದ್ರೆ ಒತ್ತಿದರು. ನಿನ್ನ ಕಾಗದ ಟಪಾಲಿಗೆ ಹೋಯ್ತು.”

ಟೇಪುವಿನ ಮುಖದಲ್ಲಿ ನಗು ಇನ್ನೂ ಇತ್ತು. ತೆಗೆಯಲು ಮರೆತದ್ದು. ಏನಾದರೂ ಹೇಳಬೇಕೆಂದು ತನ್ನೊಳಗಿದ್ದ ದನಿಗಳನ್ನೆಲ್ಲ ತಡಕಾಡಿದ, ಒಂದೂ ಕೈಗೆ ಸಿಗಲಿಲ್ಲ. ಅಕ್ಕ ಎದ್ದು ಗೋಡೆಯ ಹತ್ತಿರ ಹೋಗಿ ಕಿತ್ತ ವೈರನ್ನು ಹಿಡಿದು, ಅದನ್ನು ಮತ್ತೆ ಸಿಕ್ಕಿಸಿದರೆ ಹೊತ್ತು ಹಿಂದೆ ಹೋಗುತ್ತದೇನೋ ಎಂಬಂತೆ ರಂಧ್ರಕ್ಕೆ ತುರುಕುತ್ತಿದ್ದಳು. ಅದು ಸೇರಲೇ ಇಲ್ಲ.

ಭಾವ ಹೆಂಡತಿಯ ಕೈಯನ್ನೂ ವೈರನ್ನೂ ನೋಡಿದ. ಬಾಮೈದನನ್ನು ನೋಡಿದ. “ಕಿತ್ತವನು ನೀನೇನಾ?” ಎಂದು ಕೇಳಿದ, ತುಂಬ ಮೆತ್ತಗೆ. ಟೇಪು ಹೌದೆಂದು ತಲೆಯಾಡಿಸಿದ.

ಭಾವ ನಗತೊಡಗಿದ. ಮೊದಲು ಮೂಗಿನಲ್ಲಿ, ಆಮೇಲೆ ಭುಜಗಳಲ್ಲಿ, ಆಮೇಲೆ ಹೊಸ ಮಾಡಿನ ತಗಡು ಅದುರುವ ಹಾಗೆ ಪೂರ್ತಿ ಎದೆಯಿಂದ. ಮದುವೆಯ ಅಂಗಿಯ ಮೇಲೆ ಕಣ್ಣೀರು ಸುರಿಯುತ್ತಿತ್ತು. ತಾತ “ಸಾಕು ಮಾರಾಯ, ಸಾಕು” ಎಂದು ತೋಳು ಹಿಡಿದ. ಭಾವನಿಗೆ ನಿಲ್ಲಿಸಲಾಗಲಿಲ್ಲ. ಸದ್ದು ಕೇಳಿ ಡಿಪೋ ಯಜಮಾನ ತುತ್ತು ಅಗಿಯುತ್ತಲೇ ರಸ್ತೆ ದಾಟಿ ಬಂದು, ನಿನ್ನೆಯ ತಮಾಷೆ ಬಯಲಾಯಿತೆಂದು ತಿಳಿದು, ಮುಖವೆಲ್ಲ ಹಲ್ಲಾಗಿ ಬಾಗಿಲಲ್ಲಿ ನಿಂತ.

“ಏನ್ರೋ ಅದು, ನನಗೂ ಸ್ವಲ್ಪ ಹೇಳ್ರೋ.”

“ಇವನನ್ನೇ ಕೇಳಿ,” ಎಂದು ಭಾವ ಟೇಪುವಿನತ್ತ ಬೆರಳು ತೋರಿಸಿ, ಉಸಿರು ಎಳೆದುಕೊಂಡು, ಇನ್ನೂ ಜೋರಾಗಿ ನಕ್ಕ.